ಗುರು ಕೊಟ್ಟ ಆಯುಷ್ಯ: ಮಾನವಿಯ ಶ್ರೀ ಜಗನ್ನಾಥದಾಸರು

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಸಾವಿನ ಭಯದ ಬಗ್ಗೆ ಬರೆಯೋದು ಅಂದರೆ ಯಾರಿಗೂ ಇಷ್ಟ ಆಗಲ್ಲ. ಓದೋದಂತೂ ಇನ್ನೂ ಕಷ್ಟ. ಅದರಲ್ಲೂ ನಮ್ಮಂಥ ಪರದೇಶದಲ್ಲಿರುವವರಿಗೆ ಈ ಭಯ ಎರಡು ಪಟ್ಟು. ರಾತ್ರಿ ಎರಡು ಗಂಟೆಗೆ ಊರಿನ ನಂಬರಿನಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ. ಅದು ಒಂದು. ನಾಳೆ ನಮಗೇ ಏನಾದರೂ ಆದರೆ ಇಲ್ಲಿ ಮಾಡುವವರು ಯಾರು, ಮಕ್ಕಳಿಗೆ ಮಂತ್ರ ಬರುತ್ತಾ, ತುಳಸಿ ದಳ ಒಂದು ಸಿಗುತ್ತಾ ಅನ್ನೋದು ಇನ್ನೊಂದು. ಹಗಲು ಹೊತ್ತಿನಲ್ಲಿ ನಾವು ಇದನ್ನೆಲ್ಲ ಮಾತಾಡೋದಿಲ್ಲ. ಹಾಗಾಗಿ ನಾನೂ ಉಪದೇಶ ಮಾಡಲು ಹೋಗುವುದಿಲ್ಲ. ಬದಲಿಗೆ ಆ ಭಯವನ್ನು ಇಪ್ಪತ್ತರ ಹರೆಯದಲ್ಲೇ ಹತ್ತಿರದಿಂದ ಕಂಡು, ಆಮೇಲೆ 81 ವರ್ಷದ ತುಂಬು ಜೀವನ ನಡೆಸಿದ ಒಬ್ಬ ಮಹನೀಯರ ಚರಿತ್ರೆಯನ್ನು ನೆನೆಯೋಣ. ಹರಿಕಥಾಮೃತಸಾರವನ್ನು ನಮಗೆ ಕೊಟ್ಟ ಮಾನವಿಯ ಶ್ರೀ ಜಗನ್ನಾಥದಾಸರು ಅವರು. ಅವರ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಗೊತ್ತಿರುವ ಕಥೆಯಲ್ಲಿ ನಾವು ಓಡಿಸಿಕೊಂಡು ಹೋಗಿಬಿಡುವ ಒಂದು ಜಾಗ ಇದೆ. ಅಲ್ಲಿ ಸ್ವಲ್ಪ ನಿಲ್ಲಬೇಕು ಅಂತ ನನ್ನ ಆಸೆ.

ದಾಸರ ಪೂರ್ವಾಶ್ರಮದ ಹೆಸರು ಶ್ರೀನಿವಾಸ. ಹುಟ್ಟಿದ್ದು 1728ರಲ್ಲಿ, ಕೀಲಕ ಸಂವತ್ಸರದ ಶ್ರಾವಣದಲ್ಲಿ, ಇವತ್ತಿನ ರಾಯಚೂರು ಜಿಲ್ಲೆಯ ಮಾನವಿಯ ಹತ್ತಿರದ ಬ್ಯಾಗವಾಟ ಎಂಬ ಹಳ್ಳಿಯಲ್ಲಿ. ತಂದೆ ಆ ಊರಿನ ಕುಲಕರ್ಣಿಗಳು, ಹರಿದಾಸರ ಬಗ್ಗೆ ಭಕ್ತಿ ಇಟ್ಟುಕೊಂಡಿದ್ದವರು. ಹುಡುಗನ ಬುದ್ಧಿ ಬಹಳ ಚುರುಕು. ಮಂತ್ರಾಲಯದ ಪರಂಪರೆಯ ಶ್ರೀ ವರದೇಂದ್ರತೀರ್ಥರ ಬಳಿ ವ್ಯಾಕರಣ, ನ್ಯಾಯ, ವೇದಾಂತ ಎಲ್ಲ ಓದಿ, ಚಿಕ್ಕ ವಯಸ್ಸಿಗೇ ಶ್ರೀನಿವಾಸಾಚಾರ್ಯರು ಅನ್ನಿಸಿಕೊಂಡರು. ಮಾನವಿಯಲ್ಲಿ ಶಿಷ್ಯರನ್ನು ಇಟ್ಟುಕೊಂಡು ಪಾಠ ಹೇಳಲು ಶುರು ಮಾಡಿದರು. ಇಪ್ಪತ್ತು ಚಿಲ್ಲರೆ ವಯಸ್ಸಿಗೆ ಪಂಡಿತ ಅಂತ ಹೆಸರು, ಸುತ್ತ ವಿದ್ಯಾರ್ಥಿಗಳು, ಊರಲ್ಲಿ ಮರ್ಯಾದೆ. ಇದಕ್ಕಿಂತ ಇನ್ನೇನು ಬೇಕು?

ಅದೇ ಕಾಲದಲ್ಲಿ ಅದೇ ಸೀಮೆಯಲ್ಲಿ ಇನ್ನೊಂದು ಪ್ರವಾಹ ಹರಿಯುತ್ತಿತ್ತು. ತುಂಗಭದ್ರೆಯ ದಡದ ಚೀಕಲಪರವಿಯಲ್ಲಿ ವಿಜಯದಾಸರು ಇದ್ದರು. ಬಡತನದಲ್ಲಿ ಬೆಂದು, ಕಾಶಿಯವರೆಗೂ ನಡೆದು, ಸ್ವಪ್ನದಲ್ಲಿ ಪುರಂದರದಾಸರ ಅನುಗ್ರಹ ಪಡೆದು ಬಂದವರು. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಬಾಯಲ್ಲಿ ಕನ್ನಡದ ಸುಳಾದಿ. ಶಾಸ್ತ್ರದಲ್ಲಿ ಇರುವ ತತ್ತ್ವವನ್ನೇ ಅವರು ಬೀದಿಯ ಜನಕ್ಕೆ ಅರ್ಥವಾಗುವ ಮಾತಿನಲ್ಲಿ ಹೇಳುತ್ತಿದ್ದರು. ಸಂಸ್ಕೃತ ಓದಿದ ಯುವ ಪಂಡಿತರಿಗೆ ಇದು ಸ್ವಲ್ಪ ಕಿರಿಕಿರಿ. ವೇದಾಂತವನ್ನು ಹೀಗೆ ಹಾಡಿ ಕುಣಿದು ಹೇಳೋದಾ ಅನ್ನುವ ಭಾವ. ಈ ತರಹದ ಬಿಗುಮಾನ ಆ ಕಾಲಕ್ಕೇ ಮುಗಿದು ಹೋಯಿತು ಅಂತ ನಾವು ಅಂದುಕೊಳ್ಳಬೇಕಾಗಿಲ್ಲ ಬಿಡಿ.

ಒಂದು ಸಲ ವಿಜಯದಾಸರು ಶಿಷ್ಯಪರಿವಾರದ ಜೊತೆ ಮಾನವಿಗೆ ಬಂದರು. ಅಲ್ಲಿ ಪೂಜೆ, ಭಜನೆ, ಆಮೇಲೆ ಎಲ್ಲರಿಗೂ ತೀರ್ಥಪ್ರಸಾದ. ಶ್ರೀನಿವಾಸಾಚಾರ್ಯರಿಗೂ ಗೌರವದಿಂದ ಆಹ್ವಾನ ಹೋಯಿತು. ದಾಸರ ಪಂಕ್ತಿಯಲ್ಲಿ ಕೂತು ಊಟ ಮಾಡಲು ಆಚಾರ್ಯರಿಗೆ ಮನಸ್ಸಿಲ್ಲ, ನೇರವಾಗಿ ಒಲ್ಲೆ ಅನ್ನಲು ದಾಕ್ಷಿಣ್ಯ. ತಮಗೆ ಹೊಟ್ಟೆನೋವಿನ ಬಾಧೆ ಇದೆ, ಊಟ ತಡವಾದರೆ ತಡೆಯುವುದಿಲ್ಲ ಅಂತ ಒಂದು ನೆಪ ಹೇಳಿ ಕಳಿಸಿದರು. ಅಸಲಿಗೆ ಅಂಥ ನೋವು ಏನೂ ಇರಲಿಲ್ಲ. ವಿಜಯದಾಸರು ಅದನ್ನು ಕೇಳಿ, ಅವರು ಹೇಳಿದಂತೆಯೇ ಇರಲಿ ಎಂದರಂತೆ. ಅಷ್ಟೇ. ಅವತ್ತಿನಿಂದ ಇಲ್ಲದ ಹೊಟ್ಟೆನೋವು ನಿಜವಾಗಿಯೇ ಹಿಡಿದುಕೊಂಡಿತು.

ಇಲ್ಲಿ ಒಂದು ಮಾತು. ಈ ಪ್ರಸಂಗವನ್ನು ಮಕ್ಕಳಿಗೆ ಹೇಳುವಾಗ, ದೊಡ್ಡವರಿಗೆ ಅಗೌರವ ತೋರಿಸಿದರೆ ಹೊಟ್ಟೆನೋವು ಬರುತ್ತೆ ನೋಡು ಅನ್ನುವ ಹಾಗೆ ಹೇಳುವುದುಂಟು. ನನಗೆ ಅದು ಸರಿ ಕಾಣುವುದಿಲ್ಲ. ವಿಜಯದಾಸರು ಸಿಟ್ಟಿನಿಂದ ಶಪಿಸಿದವರಲ್ಲ. ಮುಂದೆ ಅದೇ ಯುವಕನನ್ನು ಉಳಿಸುವ ದಾರಿ ತೋರಿಸಿದವರೂ ಅವರೇ ತಾನೇ? ಆ ನೋವು ದಂಡನೆ ಅಲ್ಲ, ಒಂದು ಬಾಗಿಲು ಅಂತ ಸಂಪ್ರದಾಯ ತಿಳಿದ ಹಿರಿಯರು ಹೇಳುತ್ತಾರೆ. ಜಗನ್ನಾಥದಾಸರನ್ನು ಪ್ರಹ್ಲಾದರಾಜರ ತಮ್ಮ ಸಹ್ಲಾದರ ಅಂಶ ಎಂದು ನಂಬುವ ಪರಂಪರೆ ನಮ್ಮದು. ಅಂಥ ಜೀವವನ್ನು ಪಾಠಶಾಲೆಯ ಗೋಡೆಯಿಂದ ಹೊರಗೆ ತರಲು ಒಂದು ನೆಪ ಬೇಕಿತ್ತು, ಆ ನೆಪವನ್ನು ಆಚಾರ್ಯರು ತಾವೇ ಒದಗಿಸಿಕೊಟ್ಟರು.

ಆದರೆ ನೋವು ನೋವೇ. ಉದರಶೂಲೆ ಅಂತ ಚರಿತ್ರೆಗಳಲ್ಲಿ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ಒಂದು ತುತ್ತು ಅನ್ನ ಒಳಗೆ ಹೋದರೆ ಹೊರಳಾಡುವ ಸಂಕಟ. ಉಂಡದ್ದು ಅರಗುವುದಿಲ್ಲ, ಉಣ್ಣದೆ ಇದ್ದರೆ ಶಕ್ತಿ ಇಲ್ಲ. ವೈದ್ಯ ಆಯಿತು, ಸೇವೆ ಆಯಿತು, ಕಡಿಮೆ ಆಗಲಿಲ್ಲ. ಬರಬರುತ್ತಾ ದೇಹ ಸೊರಗಿ, ಇನ್ನು ಉಳಿಯುವುದು ಕಷ್ಟ ಅನ್ನುವ ಮಟ್ಟಕ್ಕೆ ಬಂತು.

ನಾನು ಓಡಿಸಿಕೊಂಡು ಹೋಗಬಾರದು ಅಂದದ್ದು ಮೊದಲು ಇಲ್ಲಿ. ಯೋಚನೆ ಮಾಡಿ: ವಿಜಯದಾಸರು ಹರಿಪಾದ ಸೇರಿದ್ದು 1755ರ ಕಾರ್ತಿಕದಲ್ಲಿ. ಈ ಘಟನೆಯೆಲ್ಲ ಅದಕ್ಕಿಂತ ಮುಂಚೆ ನಡೆದದ್ದು. ಅಂದರೆ ಶ್ರೀನಿವಾಸಾಚಾರ್ಯರಿಗೆ ಆಗ ಹೆಚ್ಚೆಂದರೆ 27 ವರ್ಷ. ಈಗಿನ ಲೆಕ್ಕದಲ್ಲಿ ಓದು ಮುಗಿಸಿ ಮೊದಲ ಕೆಲಸಕ್ಕೆ ಸೇರಿ, ಅಮ್ಮ ಹುಡುಗಿ ನೋಡುತ್ತಿರುವ ವಯಸ್ಸು. ಜೀವ ನಿತ್ಯ, ದೇಹ ಮಾತ್ರ ಅನಿತ್ಯ, ಹುಟ್ಟು ಸಾವು ಎರಡೂ ಭಗವಂತನ ಅಧೀನ — ಇದನ್ನೆಲ್ಲ ಅವರು ದಿನಾ ಶಿಷ್ಯರಿಗೆ ಪಾಠ ಹೇಳುತ್ತಿದ್ದವರು. ಪ್ರಮಾಣ ಸಹಿತ ಹೇಳುತ್ತಿದ್ದವರು. ಆದರೂ ಗುಡಿಯಿಂದ ಗುಡಿಗೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ಬದುಕಿಸು ಅಂತ ಬೇಡುತ್ತಾ ಹೋದರು. ಇದರಲ್ಲಿ ಅವರ ಪಾಂಡಿತ್ಯಕ್ಕೆ ಕುಂದು ಬಂತು ಅಂತ ನನಗೆ ಅನ್ನಿಸುವುದಿಲ್ಲ. ತಲೆಗೆ ಗೊತ್ತಿರುವುದು ಹೊಟ್ಟೆಗೆ ಗೊತ್ತಾಗುವುದು ಬೇರೆ. ಗೀತೆಯ ಎರಡನೇ ಅಧ್ಯಾಯ ಬಾಯಿಪಾಠ ಬರುವ ನಮ್ಮವರೇ ಸ್ಕ್ಯಾನ್ ರಿಪೋರ್ಟ್ ಬರುವ ಹಿಂದಿನ ರಾತ್ರಿ ನಿದ್ದೆ ಮಾಡಿರುವುದಿಲ್ಲ. ದಾಸರೂ ಆ ರಾತ್ರಿಗಳನ್ನು ಕಂಡವರು ಅಂತ ತಿಳಿದರೆ ಅವರು ನಮಗೆ ದೂರದವರು ಅನ್ನಿಸೋದಿಲ್ಲ, ಅಲ್ವಾ?

ಕೊನೆಗೆ ಮಂತ್ರಾಲಯಕ್ಕೆ ಹೋಗಿ ರಾಯರ ಬೃಂದಾವನದ ಸೇವೆಗೆ ನಿಂತರು. ಸ್ವಪ್ನದಲ್ಲಿ ರಾಯರ ಸೂಚನೆ ಆಯಿತು: ಯಾರಲ್ಲಿ ಅಪಚಾರವಾಗಿದೆಯೋ ಅವರನ್ನೇ ಶರಣು ಹೋಗಬೇಕು, ವಿಜಯದಾಸರ ಬಳಿಗೆ ಹೋಗಬೇಕು. ಹೋದರು. ಯಾರ ಪಂಕ್ತಿಯಲ್ಲಿ ಕೂರಲು ಒಪ್ಪಲಿಲ್ಲವೋ ಅವರ ಕಾಲು ಹಿಡಿದರು. ವಿಜಯದಾಸರು ಬೈಯಲಿಲ್ಲ, ಹಳೆಯದನ್ನು ಎತ್ತಿ ಆಡಲಿಲ್ಲ. ಆದರೆ ತಾವೇ ವಾಸಿ ಮಾಡಲೂ ಇಲ್ಲ. ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಹೋಗು ಅಂತ ಕಳಿಸಿದರು.

ಈಗ ಗೋಪಾಲದಾಸರ ಬಗ್ಗೆ. ರಾಯಚೂರು ಜಿಲ್ಲೆಯ ಮೊಸರಕಲ್ಲಿನವರು. ಹೆಸರು ಭಾಗಣ್ಣ. ಸಣ್ಣವರಿರುವಾಗಲೇ ತಂದೆಯನ್ನು ಕಳೆದುಕೊಂಡು, ತಾಯಿ ಮತ್ತು ತಮ್ಮಂದಿರ ಜೊತೆ ಕಷ್ಟದಲ್ಲಿ ಬೆಳೆದವರು. ಆಮೇಲೆ ನೆಲೆ ನಿಂತದ್ದು ಉತ್ತನೂರಿನಲ್ಲಿ. ಈಗ ಅದು ತೆಲಂಗಾಣದ ಗದ್ವಾಲ್ ಕಡೆ ಇದೆ. ಗಾಯತ್ರಿ ಉಪಾಸನೆಯ ಬಲದಿಂದ ಮುಂದಾಗುವುದನ್ನು ಹೇಳುತ್ತಿದ್ದರು ಅಂತ ಪ್ರಸಿದ್ಧಿ. ಜನ ದೂರದಿಂದ ಬಂದು ತಮ್ಮ ಒಳಿತು ಕೆಡುಕು ಕೇಳಿ ಹೋಗುತ್ತಿದ್ದರಂತೆ. ವಿಜಯದಾಸರ ಶಿಷ್ಯರಾದ ಮೇಲೆ ಅದನ್ನೆಲ್ಲ ಬದಿಗಿಟ್ಟು ಭಕ್ತಿಯನ್ನೇ ಹಿಡಿದರು. ಭಕ್ತಿಯಲ್ಲಿ ಭಾಗಣ್ಣ ಅಂತ ನಮ್ಮ ಮನೆಗಳಲ್ಲಿ ಇವತ್ತಿಗೂ ಹೇಳುವುದು ಇವರನ್ನೇ. ಗಣಪತಿಯ ಅಂಶ ಅಂತ ನಂಬಿಕೆ. ತಮ್ಮಂದಿರೂ ಅಂಕಿತ ಪಡೆದು ಹರಿದಾಸರಾದವರು, ಇಡೀ ಮನೆಯೇ ದಾಸರ ಮನೆ.

ಆ ಮನೆಗೆ ಈ ಸೊರಗಿದ ಪಂಡಿತರು ಬಂದರು. ಗೋಪಾಲದಾಸರು ಇವರಿಗಿಂತ ಬಹಳ ದೊಡ್ಡವರೇನಲ್ಲ, ಐದಾರು ವರ್ಷ ಹಿರಿಯರು ಅಷ್ಟೆ. ಅಂದರೆ ಅವರೂ ಮೂವತ್ತರ ಆಸುಪಾಸಿನವರೇ. ಬಂದವರ ಆಯುಷ್ಯ ಮುಗಿಯುತ್ತಾ ಬಂದಿದೆ ಅನ್ನುವುದು ಅವರಿಗೆ ತಿಳಿಯಿತು. ಗುರುಗಳು ಕಳಿಸಿದ್ದಾರೆ. ಬರೀ ರೋಗ ಹೋದರೆ ಸಾಲದು, ಬದುಕಲು ಕಾಲ ಬೇಕು. ಕಾಲವನ್ನು ಎಲ್ಲಿಂದ ತರುವುದು? ತಮ್ಮದನ್ನೇ ಕೊಟ್ಟರು. ಗುರುಗಳ ಆಜ್ಞೆಯಂತೆ, ದೇವರ ಮುಂದೆ, ತಮ್ಮ ಆಯುಷ್ಯದಲ್ಲಿ 40 ವರ್ಷವನ್ನು ಶ್ರೀನಿವಾಸಾಚಾರ್ಯರಿಗೆ ಧಾರೆ ಎರೆದುಕೊಟ್ಟರು.

ಕೊಟ್ಟ ಬಗೆ ಇನ್ನೂ ಸೊಗಸು. ಧನ್ವಂತರಿಯನ್ನು ಪ್ರಾರ್ಥಿಸಿ, ಮಂತ್ರಿಸಿ, ತಿನ್ನಲು ಕೊಟ್ಟದ್ದು ಜೋಳದ ಭಕ್ಕರಿ! ಮೆತ್ತಗಿನ ಅನ್ನವೇ ಅರಗದ ಹೊಟ್ಟೆಗೆ ಜೋಳದ ಭಕ್ಕರಿ. ರಾಯಚೂರು ಸೀಮೆಯವರಿಗೆ ಇದರ ರುಚಿ ಗೊತ್ತು. ಪುಷ್ಕಳ ಪಂಕ್ತಿಭೋಜನವನ್ನು ಒಲ್ಲೆ ಅಂದವರಿಗೆ ಬಡವರ ಮನೆಯ ದಿನದ ಊಟವೇ ಮದ್ದಾಯಿತು. ತಿಂದರು, ಅರಗಿತು, ನೋವು ಹೋಯಿತು. ಆ ಸಂದರ್ಭದಲ್ಲಿ ಗೋಪಾಲದಾಸರು ರಚಿಸಿದ ಧನ್ವಂತರಿಯ ಪ್ರಾರ್ಥನೆಯನ್ನು ಇವತ್ತಿಗೂ ಯಾರಿಗಾದರೂ ಕಾಯಿಲೆ ಆದರೆ ಮನೆಯವರು ಹಾಡುತ್ತಾರೆ. ಆಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ಫೋನಿನಲ್ಲಿ ಸಣ್ಣಗೆ ಹಾಕಿಕೊಂಡು ಕೂತಿರುವವರನ್ನು ಇಲ್ಲೂ ನೋಡಿದ್ದೇನೆ. (ಧನ್ವಂತರಿ ವೈದ್ಯರ ದೇವರು. ಹಾಡುವುದು ಅಂದರೆ ಡಾಕ್ಟರ್ ಔಷಧಿ ಬಿಡುವುದು ಅಂತ ಯಾರೂ ತಿಳಿಯಬೇಡಿ.)

ಲೆಕ್ಕ ಇಷ್ಟಪಡುವವರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಇಪ್ಪತ್ತರ ಹರೆಯದಲ್ಲಿ ಮುಗಿಯಬೇಕಿದ್ದ ಆಯುಷ್ಯಕ್ಕೆ 40 ಸೇರಿಸಿದರೆ 67 ಆಗಬೇಕು, ದಾಸರು 81 ವರ್ಷ ಇದ್ದರಲ್ಲ ಅಂತ. ಪ್ರಶ್ನೆ ಸರಿಯಾದದ್ದೇ. ನನಗೆ ತಿಳಿದಂತೆ ಹೇಳುತ್ತೇನೆ. ನಮ್ಮಲ್ಲಿ ಕಾಲಮೃತ್ಯು ಬೇರೆ, ಅಪಮೃತ್ಯು ಬೇರೆ. ಆ ಉದರಶೂಲೆ ತಂದದ್ದು ಅಪಮೃತ್ಯು. ಅದು ಪರಿಹಾರವಾದಾಗ ಮೊದಲು ಅವರ ಸ್ವಂತ ಪಾಲು ಅವರಿಗೆ ವಾಪಸ್ ಸಿಕ್ಕಿತು, ಅದರ ಮೇಲೆ ಗುರುಗಳ 40 ಸೇರಿತು. ಹಾಗೆ ನೋಡಿದರೆ 81ರಲ್ಲಿ 40 ಕಳೆದು ಉಳಿಯುವ 41 ಅವರದೇ. ಇದನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ತರಹ ಓದುವುದು ಬೇಡ ಅನ್ನುವವರ ಮಾತನ್ನೂ ನಾನು ಒಪ್ಪುತ್ತೇನೆ. ಆದರೆ ಒಂದು ಲೆಕ್ಕವನ್ನು ಮಾತ್ರ ಬಿಡುವ ಹಾಗಿಲ್ಲ, ಅದು ಆಮೇಲೆ ಬರುತ್ತೆ.

ಗುಣವಾದ ಮೇಲೆ ಶ್ರೀನಿವಾಸಾಚಾರ್ಯರು ತಮಗೆ ದಾಸದೀಕ್ಷೆ ಬೇಕು ಅಂತ ಬೇಡಿದರು. ಗುರುಗಳು ಪಂಢರಪುರಕ್ಕೆ ಕಳಿಸಿದರು. ಅಲ್ಲಿ ಚಂದ್ರಭಾಗೆಯಲ್ಲಿ ಮುಳುಗಿ ಎದ್ದಾಗ ಜಗನ್ನಾಥವಿಠಲ ಎಂಬ ಅಂಕಿತ ಬರೆದ ಶಿಲೆ ಸಿಕ್ಕಿತು ಅಂತ ಚರಿತ್ರೆ. ಹೀಗೆ ಆಚಾರ್ಯರು ದಾಸರಾದರು. ಗೆಜ್ಜೆ ಕಟ್ಟಿದರು, ತಂಬೂರಿ ಹಿಡಿದರು, ಕನ್ನಡದಲ್ಲಿ ಹಾಡಿದರು. ಮಾನವಿಯ ಬೀದಿಯಲ್ಲಿ ಮೊದಲ ದಿನ ಅವರ ಹಳೆಯ ವಿದ್ಯಾರ್ಥಿಗಳು ಅವರನ್ನು ಹೇಗೆ ನೋಡಿರಬಹುದು ಅಂತ ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ.

ಸಾಮಾನ್ಯವಾಗಿ ಪ್ರವಚನಗಳಲ್ಲಿ ಕಥೆ ಇಲ್ಲಿಂದ ನೇರ ಹರಿಕಥಾಮೃತಸಾರಕ್ಕೆ ಹಾರುತ್ತದೆ. ರೋಗ ಹೋಯಿತು, ಅಂಕಿತ ಬಂತು, ಗ್ರಂಥ ಆಯಿತು, ಮಂಗಳ. ನಾನು ನಿಲ್ಲಬೇಕು ಅಂದ ಇನ್ನೊಂದು ಜಾಗ ಇದರ ನಡುವೆ ಇದೆ. 1762.

ಆ ವರ್ಷ, ಚಿತ್ರಭಾನು ಸಂವತ್ಸರದ ಪುಷ್ಯ ಬಹುಳ ಅಷ್ಟಮಿಯಂದು, ಉತ್ತನೂರಿನಲ್ಲಿ ಗೋಪಾಲದಾಸರು ದೇಹ ಬಿಟ್ಟರು. ವಯಸ್ಸು 40. ಕೊಟ್ಟದ್ದು 40, ಉಳಿಸಿಕೊಂಡದ್ದು 40. ಕೊಡುವಾಗ ಯಾವ ಗಳಿಗೆಗೆ ಏನಾಗುತ್ತೆ ಅಂತ ಗೊತ್ತಿದ್ದೇ ಕೊಟ್ಟವರು ಅವರು. ಮುಂದಾಗುವುದು ಕಾಣುವ ಶಕ್ತಿ ಇದ್ದವರಿಗೆ ತಮ್ಮ ಸಾವಿನ ದಿನ ಕಾಣದೆ ಇರುತ್ತದೆಯೇ? ಮನೆಯಲ್ಲಿ ತಮ್ಮಂದಿರಿದ್ದರು, ನಂಬಿದ ಶಿಷ್ಯರಿದ್ದರು. ಆದರೂ ಆ ಮಧ್ಯದ ವರ್ಷಗಳಲ್ಲಿ ಅವರು ಹಾಡುತ್ತಲೇ ಇದ್ದರು, ಸುಳಾದಿ ರಚಿಸುತ್ತಲೇ ಇದ್ದರು, ಬಂದವರಿಗೆ ದಾರಿ ತೋರಿಸುತ್ತಲೇ ಇದ್ದರು. ಅವಸರ ಇಲ್ಲ, ಕೊರಗು ಇಲ್ಲ. ಸಾವಿಗೆ ಹೆದರದವರು ಹೇಗಿರುತ್ತಾರೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಗೋಪಾಲದಾಸರ ಈ ಕೆಲವೇ ವರ್ಷಗಳು.

ಜಗನ್ನಾಥದಾಸರಿಗೆ ಆಗ 34. ಅವರ ಕಡೆಯಿಂದ ನೋಡಿ. ತಾನು ಉಣ್ಣುತ್ತಿರುವ ಅನ್ನ, ತಾನು ನೋಡುತ್ತಿರುವ ಬೆಳಗು, ತನ್ನ ಪ್ರತಿ ಏಕಾದಶಿ, ಪ್ರತಿ ದ್ವಾದಶಿ ಪಾರಣೆ ಇವೆಲ್ಲ ಇನ್ನೊಬ್ಬರದು. ಆ ಇನ್ನೊಬ್ಬರು ಈಗ ಇಲ್ಲ. ಇಂಥ ಋಣ ಮನುಷ್ಯನನ್ನು ಕುಗ್ಗಿಸಿಬಿಡಬಹುದು. ಅಪಘಾತದಲ್ಲಿ ಪಕ್ಕದವರು ಹೋಗಿ ತಾನು ಮಾತ್ರ ಉಳಿದವರ ಸಂಕಟ ನೋಡಿದವರಿಗೆ ಇದು ಅರ್ಥವಾಗುತ್ತೆ. ನಾನೇಕೆ ಉಳಿದೆ ಅನ್ನುವ ಪ್ರಶ್ನೆ ಸಾವಿನ ಭಯಕ್ಕಿಂತ ಹೆಚ್ಚು ಸುಡುತ್ತದೆ. ಜಗನ್ನಾಥದಾಸರು ಗುರುಗಳ ನಂತರ 47 ವರ್ಷ ಬದುಕಿದರು. ಆ 47 ವರ್ಷ ಏನು ಮಾಡಿದರು ಅನ್ನುವುದೇ ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅಂತ ನಾನು ತಿಳಿದಿದ್ದೇನೆ.

ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆ. ಒಂಬೈನೂರಕ್ಕೂ ಹೆಚ್ಚು ಪದ್ಯಗಳು, ಕೊನೆಗೆ ಶಿಷ್ಯರಾದ ಕರ್ಜಗಿಯ ಶ್ರೀದವಿಠಲರು ರಚಿಸಿದ ಫಲಶ್ರುತಿ. ಕನ್ನಡದ ಈ ಗ್ರಂಥಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು ದೊಡ್ಡ ವಿದ್ವಾಂಸರು. ಕನ್ನಡದ ಹಾಡು ಅಂತ ಮೂಗು ಮುರಿದ ಯುವಕನ ಕೈಯಿಂದಲೇ ಇದು ಬಂತು ನೋಡಿ! ನಮ್ಮ ಶನಿವಾರದ ಜೂಮ್ ಪಾರಾಯಣದಲ್ಲಿ ಸಂಧಿಗಳನ್ನು ಸಾಲಾಗಿ ಓದುತ್ತಾ ಹೋಗುತ್ತೇವೆ. ಮೂರು ಟೈಮ್ ಜೋನ್‌ನವರು ಸೇರುವ ಗುಂಪು, ಮ್ಯೂಟ್ ಮಾಡುವುದು ಮರೆತವರ ಮನೆಯ ಕುಕ್ಕರ್ ಸೀಟಿಯೂ ಸೇರಿರುತ್ತದೆ. ಹಾಗೆ ಓದುವಾಗ ಎರಡು ಸಂಧಿಗಳ ಹತ್ತಿರ ನನಗೆ ದಾಸರ ಜೀವನ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಒಂದು, ಊಟದ ವಿಚಾರ ಹೇಳುವ ಭೋಜನ ಸಂಧಿ. ಅನ್ನದಲ್ಲಿ, ಭಕ್ಷ್ಯದಲ್ಲಿ, ಹಾಲು ತುಪ್ಪದಲ್ಲಿ, ಆರು ರಸಗಳಲ್ಲಿ ಭಗವಂತ ಯಾವ ಯಾವ ರೂಪದಿಂದ ಇದ್ದಾನೆ, ಉಣ್ಣುವವನ ಒಳಗೆ ಕೂತು ಸಾರವನ್ನು ಅವನು ಹೇಗೆ ಸ್ವೀಕರಿಸುತ್ತಾನೆ ಅನ್ನುವ ವಿವರ. ಹೊಟ್ಟೆಯೊಳಗಿನ ಅಗ್ನಿಯಾಗಿ ಇರುವವನೂ ಅವನೇ. ಊಟ ಅನ್ನುವುದು ಒಂದು ಯಜ್ಞ. ಇದನ್ನು ಬೇರೆ ಯಾರು ಬರೆದಿದ್ದರೂ ಶಾಸ್ತ್ರ ಅಂತ ಓದಿಕೊಳ್ಳಬಹುದಿತ್ತು. ಬರೆದದ್ದು ಒಂದು ತುತ್ತಿಗೆ ಹೆದರಿದ ಮನುಷ್ಯ. ಒಂದು ಊಟವನ್ನು ಬೇಡ ಅಂದು ಊಟವನ್ನೇ ಕಳೆದುಕೊಂಡು, ಒಂದು ಭಕ್ಕರಿಯಿಂದ ಬದುಕು ಪಡೆದ ಮನುಷ್ಯ. ತಟ್ಟೆಯಲ್ಲಿರುವುದರ ಬೆಲೆ ಅವರಿಗೆ ಗೊತ್ತಿದ್ದಷ್ಟು ಇನ್ನು ಯಾರಿಗೆ ಗೊತ್ತಿರುತ್ತೆ?

ಇನ್ನೊಂದು ಶ್ವಾಸ ಸಂಧಿ. ಮನುಷ್ಯ ಒಂದು ಹಗಲು ರಾತ್ರಿಯಲ್ಲಿ 21,600 ಸಲ ಉಸಿರಾಡುತ್ತಾನೆ ಅನ್ನುವುದು ನಮ್ಮ ಶಾಸ್ತ್ರದ ಗಣನೆ. ಒಂದು ಗಳಿಗೆಗೆ 360, ಅರವತ್ತು ಗಳಿಗೆಗೆ 21,600. ಈಗಿನ ಗಡಿಯಾರದಲ್ಲಿ ಹೇಳಬೇಕಾದರೆ ನಿಮಿಷಕ್ಕೆ 15. ಸುಮ್ಮನೆ ಕೂತು ಎಣಿಸಿ ನೋಡಿ, ಹತ್ತಿರ ಹತ್ತಿರ ಹಾಗೇ ಬರುತ್ತದೆ. ಆದರೆ ಉಸಿರಾಡುವುದು ನಾವಲ್ಲ. ನಮ್ಮೊಳಗಿದ್ದು ಮುಖ್ಯಪ್ರಾಣದೇವರು ಹಂಸಮಂತ್ರದ ಜಪವನ್ನು ಮಾಡುತ್ತಿದ್ದಾರೆ, ನಾವು ಮಲಗಿರಲಿ, ಮರೆತಿರಲಿ, ಟ್ರಾಫಿಕ್‌ನಲ್ಲಿ ಬೈದುಕೊಳ್ಳುತ್ತಿರಲಿ, ಜಪ ನಡೆದೇ ಇರುತ್ತದೆ. ಅವರು ನಿಲ್ಲಿಸಿದ ದಿನ ನಾವು ಹೊರಟೆವು. ಅಷ್ಟು ಸರಳ.

ಮೇಲೆ ಬಿಡುವ ಹಾಗಿಲ್ಲ ಅಂದ ಲೆಕ್ಕ ಇದೇ. ವರ್ಷಕ್ಕೆ 360 ದಿನ ಹಿಡಿದರೆ 40 ವರ್ಷಕ್ಕೆ 14,400 ದಿನ. ದಿನಕ್ಕೆ 21,600ರಂತೆ 31 ಕೋಟಿ 10 ಲಕ್ಷ 40 ಸಾವಿರ ಉಸಿರು. ಗೋಪಾಲದಾಸರು ಕೊಟ್ಟದ್ದು ಇಷ್ಟು. ಪಡೆದವರು ಅದೇ ಉಸಿರಿನಲ್ಲಿ ಕೂತು ಉಸಿರಿನ ಬಗ್ಗೆ ಒಂದು ಸಂಧಿ ಬರೆದರು. ಶ್ವಾಸ ಸಂಧಿಯನ್ನು ಬರೆಯುವಾಗ ಗುರುಗಳ ನೆನಪು ಬಂದಿರದೆ ಇರಲು ಸಾಧ್ಯವೇ ಇಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಉಸಿರು ನನ್ನದಲ್ಲ ಅನ್ನುವುದು ನಮಗೆ ತತ್ತ್ವ. ಅವರಿಗೆ ಅದು ಉತ್ತನೂರಿನಲ್ಲಿ ಒಂದು ದಿನ ಕಣ್ಣಾರೆ ನಡೆದ ಸಂಗತಿ.

ಹಾಗಾದರೆ ಭಯ ಎಲ್ಲಿ ಹೋಯಿತು? ಸಾವು ಇಲ್ಲ ಅಂತ ದಾಸರು ಎಲ್ಲೂ ವಾದ ಮಾಡುವುದಿಲ್ಲ. ನೋವು ಸುಳ್ಳು ಅಂತಲೂ ಹೇಳುವುದಿಲ್ಲ, ನಮ್ಮ ಮಧ್ವಮತದಲ್ಲಿ ಜಗತ್ತು ಸತ್ಯ, ಹಾಗಾಗಿ ನೋವೂ ಸತ್ಯ. ಅವರು ಮಾಡಿದ್ದು ಬೇರೆ. ಊಟ, ಉಸಿರು, ನಿದ್ದೆ, ಎಚ್ಚರ — ದಿನದಲ್ಲಿ ಯಾವುದನ್ನೆಲ್ಲ ನಾವು ನನ್ನದು ಅಂದುಕೊಂಡಿದ್ದೇವೋ ಅದನ್ನು ಒಂದೊಂದಾಗಿ ಅದರ ನಿಜವಾದ ಯಜಮಾನನ ಹೆಸರಿಗೆ ಬರೆಯುತ್ತಾ ಹೋದರು. ಸಾವು ಕಿತ್ತುಕೊಳ್ಳುತ್ತದೆ ಅನ್ನುವ ಭಯ ಇರುವುದು ನಮ್ಮ ಕೈಯಲ್ಲಿ ಏನೋ ಇದೆ ಅಂದುಕೊಂಡಾಗ ತಾನೇ. ಬಾಡಿಗೆ ಮನೆಯಲ್ಲಿ ಇರುವವರಿಗೆ ಇದು ಬೇಗ ತಿಳಿಯಬೇಕು, ಆದರೆ ನಾವು ಬಾಡಿಗೆ ಮನೆಯ ಗೋಡೆಗೂ ಮೊಳೆ ಹೊಡೆಯುವ ಜನ. ಒಂದೇ ಸಲ ಆಗುವ ಕೆಲಸ ಇದಲ್ಲ. ಅದಕ್ಕೇ ಅವರು ಒಂದು ಪದ ಬರೆದು ಸುಮ್ಮನಾಗದೆ ನೂರಾರು ಪದ್ಯ ಬರೆದರು ಅಂತ ಕಾಣುತ್ತದೆ.

ಹೆಂಗಸರು ಮನೆಗೆಲಸ ಮಾಡುತ್ತಾ ಹಾಡಿಕೊಳ್ಳಲು ಒದಗುವ ತ್ರಿಪದಿಯಲ್ಲಿ ತತ್ತ್ವಸುವ್ವಾಲಿ ಕಟ್ಟಿದರು. ಕೀರ್ತನೆ, ಸುಳಾದಿ, ಉಗಾಭೋಗ ಇನ್ನೂ ಎಷ್ಟೋ. ಲಿಂಗಸುಗೂರಿನ ಪ್ರಾಣೇಶದಾಸರಂಥ ಶಿಷ್ಯರನ್ನು ತಯಾರು ಮಾಡಿದರು, ಅವರಿಂದ ಮುಂದೆ ಇನ್ನೊಂದು ಪೀಳಿಗೆ ಬಂತು. ಗೋಪಾಲದಾಸರು ಆ 40 ವರ್ಷ ಕೊಡದೇ ಇದ್ದಿದ್ದರೆ ಇವತ್ತು ನಮ್ಮ ಪಾರಾಯಣಕ್ಕೆ ಪುಸ್ತಕವೇ ಇರುತ್ತಿರಲಿಲ್ಲ. ಒಬ್ಬರಿಗೆ ಕೊಟ್ಟದ್ದು ಎಷ್ಟು ಜನಕ್ಕೆ ಹಂಚಿಕೆ ಆಯಿತು ನೋಡಿ.

1809, ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿ. ಮಾನವಿಯಲ್ಲಿ, ತಮ್ಮ ಮನೆಯಲ್ಲೇ, ದಾಸರು ಹರಿಧ್ಯಾನದಲ್ಲಿ ದೇಹ ಬಿಟ್ಟರು. ಇಪ್ಪತ್ತರ ಹರೆಯದಲ್ಲಿ ಬದುಕಿಗಾಗಿ ಕ್ಷೇತ್ರ ಕ್ಷೇತ್ರ ಅಲೆದವರು ಈ ಸಲ ಎಲ್ಲಿಗೂ ಹೋಗಲಿಲ್ಲ. ಯಾರ ಬಳಿಯೂ ಇನ್ನಷ್ಟು ದಿನ ಕೇಳಲಿಲ್ಲ. ಅವರು ಒರಗಿ ಕೂರುತ್ತಿದ್ದ ಕಂಬದಲ್ಲಿ ಅವರ ಸನ್ನಿಧಾನ ಇದೆ ಎಂಬುದು ಭಕ್ತರ ನಂಬಿಕೆ. ಇವತ್ತಿಗೂ ಮಾನವಿಯ ದಾಸರ ಮಂದಿರದಲ್ಲಿ ಪೂಜೆ ನಡೆಯುವುದು ಆ ಕಂಬಕ್ಕೇ. ಸಹ್ಲಾದರ ಅಂಶ ಅಂದಮೇಲೆ ಕಂಬದ ಜೊತೆಗೆ ಆ ಕುಟುಂಬಕ್ಕೆ ಹಳೆಯ ನಂಟು! ಊರಿಗೆ ಹೋದಾಗ ಮಂತ್ರಾಲಯಕ್ಕೆ ಹೇಗೂ ಹೋಗುತ್ತೀರಿ. ಒಂದು ದಿನ ಹೆಚ್ಚು ಇಟ್ಟುಕೊಂಡು ಮಾನವಿ, ಚೀಕಲಪರವಿಗಳಿಗೂ ಹೋಗಿ ಬನ್ನಿ. ಉತ್ತನೂರನ್ನು ಮಾತ್ರ ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ.

ಭಾದ್ರಪದ ಶುದ್ಧ ನವಮಿ ಅಂದರೆ ಗಣೇಶ ಚೌತಿ ಆದ ಐದನೇ ದಿನ. ಗಣಪತಿಯ ಅಂಶ ಅನ್ನಿಸಿಕೊಂಡ ಗುರುಗಳ ಹಬ್ಬ ಮುಗಿಯುತ್ತಿದ್ದ ಹಾಗೆ ಶಿಷ್ಯರ ಆರಾಧನೆ. ನಿಮ್ಮ ಊರಿನ ಪಂಚಾಂಗದಲ್ಲಿ ತಿಥಿ ನೋಡಿಕೊಳ್ಳಿ, ಭಾರತದ ದಿನಕ್ಕೂ ಇಲ್ಲಿಯ ದಿನಕ್ಕೂ ಒಂದು ದಿನ ವ್ಯತ್ಯಾಸ ಬರಬಹುದು. ಅವತ್ತು ರಜೆ ಸಿಗದಿದ್ದರೆ ಸಂಜೆ ಮನೆಗೆ ಬಂದು ದೀಪ ಹಚ್ಚಿ ಭೋಜನ ಸಂಧಿ, ಶ್ವಾಸ ಸಂಧಿ ಎರಡನ್ನಾದರೂ ಓದಿ. ನೈವೇದ್ಯಕ್ಕೆ ಏನು ಮಾಡಲಿ ಅಂತ ಕೇಳುವವರಿಗೆ, ಇಂಡಿಯನ್ ಸ್ಟೋರಿನಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಬಿಸಿನೀರಿನಲ್ಲಿ ಕಲಸಿ, ಚೆನ್ನಾಗಿ ನಾದಿ, ಆಮೇಲೆ ತಟ್ಟಿ, ಇಲ್ಲದಿದ್ದರೆ ಅಂಚು ಒಡೆಯುತ್ತದೆ.

॥ ಶ್ರೀ ವಿಜಯದಾಸ ಗೋಪಾಲದಾಸ ಜಗನ್ನಾಥದಾಸ ಗುರುಭ್ಯೋ ನಮಃ ॥
॥ ಶ್ರೀ ಕೃಷ್ಣಾರ್ಪಣಮಸ್ತು ॥